ಹಿತ್ತಲಲ್ಲಿ ಕ್ರಿಕೆಟ್ ಟರ್ಫ್ ಹಾಕಿಸಬೇಕು, ಕೆಳಗೆ ಪೂರ್ತಿ ಎರೆಮಣ್ಣು (ವಿಜಯಪುರ)

ಆಶ್ರಮ ರೋಡ್, ವಿಜಯಪುರ

ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ 85 ಅಡಿ ಉದ್ದ, 28 ಅಡಿ ಅಗಲದ ಜಾಗ ಖಾಲಿ ಇದೆ. ಮೊದಲು ಅಪ್ಪ ಅಲ್ಲಿ ಬದನೆ, ಮೆಣಸಿನಕಾಯಿ ಬೆಳೆಯುತ್ತಿದ್ದರು. ಈಗ ಬರೀ ಕಸ ಬೆಳೆಯುತ್ತಿದೆ. ಒಂದು ಮೂಲೆಯಲ್ಲಿ ದೊಡ್ಡ ಬೇವಿನ ಮರ ಇದೆ.

ಮಗಳಿಗೆ 13 ವರ್ಷ. ಎಡಗೈ ಸ್ಪಿನ್ ಹಾಕುತ್ತಾಳೆ. ನಮ್ಮ ಊರಿನ ರಾಜೇಶ್ವರಿ ಗಾಯಕವಾಡ್ ಅವರು 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ ಕೊಟ್ಟು 5 ವಿಕೆಟ್ ತೆಗೆದ ಆಟವನ್ನು ಎಷ್ಟು ಸಲ ನೋಡಿದರೂ ಅವಳಿಗೆ ಸಾಕಾಗುವುದಿಲ್ಲ. ತಮ್ಮನ ಮಕ್ಕಳಿಗೆ ಫುಟ್ಬಾಲ್ ಬೇಕು, ಮನೆಯವರಿಗೆ ಶಟಲ್ ಬೇಕು. ಹೊರಗಿನ ಊರಿನ ಒಂದು ಟರ್ಫ್ ಕಂಪನಿಯವರು ಬಂದು ಜಾಗ ನೋಡಿ ಕೊಟೇಶನ್ ಕೊಟ್ಟಿದ್ದಾರೆ. ಪೂರ್ತಿ ಜಾಗಕ್ಕೆ 40 ಮಿ.ಮೀ. ಉದ್ದದ ಪ್ಲಾಸ್ಟಿಕ್ ಹುಲ್ಲು, ಮೇಲೆ ಉಸುಕು ಮತ್ತು ಕರಿ ರಬ್ಬರ್ ಕಾಳು. ಕೆಳಗೆ ಅರ್ಧ ಅಡಿ ಅಗೆದು ಖಡಿ (ಜಲ್ಲಿ), ಅದರ ಮೇಲೆ ಸ್ಟೋನ್ ಡಸ್ಟ್. ಒಂದೇ ಟರ್ಫ್ ಮೇಲೆ ಎಲ್ಲ ಆಟ ಆಡಬಹುದು ಅಂದಿದ್ದಾರೆ. ಬೇವಿನ ಮರ ಕಡಿಸಬೇಕಂತೆ.

ಇದು ಸಣ್ಣ ಖರ್ಚಲ್ಲ. ಕೈ ಹಾಕುವ ಮೊದಲು ತಿಳಿದವರು ಹೇಳಿ. ನಮ್ಮ ಮಣ್ಣಿಗೆ, ನಮ್ಮ ಬಿಸಿಲಿಗೆ ಇದು ಸರಿ ಹೋಗುತ್ತದೆಯೇ?

ಟಿಳಕವಾಡಿ, ಬೆಳಗಾವಿ

ಖಂಡಿತ ಹಾಕಿಸಿ ಸರ್. ನಮ್ಮ ಹಿತ್ತಲಲ್ಲಿ ಇದೆ, ಬಹಳ ಚೆನ್ನಾಗಿದೆ. ನಮ್ಮಲ್ಲೂ ಇದೇ ವಿಧಾನ: ನೆಲ ಅಗೆದು ಮಣ್ಣು ತಡೆದು ನೀರು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದರು, ಮೇಲೆ ದೊಡ್ಡ ಖಡಿ, ಸಣ್ಣ ಖಡಿ, ಡಸ್ಟ್, ಆಮೇಲೆ ಟರ್ಫ್. ಟರ್ಫಿನ ಬೆನ್ನಲ್ಲಿ ತೂತುಗಳಿವೆ. ಮಳೆ ನೀರು ಅಲ್ಲಿಂದ ಖಡಿಗೆ, ಖಡಿಯಿಂದ ನೆಲಕ್ಕೆ ಇಳಿಯುತ್ತದೆ. ನಮ್ಮ ಊರಿನ ಮಳೆ ಗೊತ್ತಲ್ಲ, ವರ್ಷಕ್ಕೆ ಸುಮಾರು 1,300 ಮಿ.ಮೀ. ಆದರೂ ಮಳೆ ನಿಂತ ಅರ್ಧ ಗಂಟೆಗೆ ಹುಡುಗರು ಆಡಲು ಇಳಿಯುತ್ತಾರೆ. ಸಿಮೆಂಟ್ ಹಾಕಬೇಡಿ, ನೀರು ನಿಲ್ಲುತ್ತದೆ.

ಡೋಣಿ ದಂಡೆ ರೈತ

ಸರ್, ನಾನು ಟರ್ಫ್ ಕಂಡವನಲ್ಲ, ಎರೆ ಕಂಡವನು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಅಂತಾರಲ್ಲ, ಆ ನದಿ ಸಾಲಿನ ಹೊಲ ನಮ್ಮದು. ಬೇಸಿಗೆಯಲ್ಲಿ ನಮ್ಮ ಹೊಲದ ಬಿರುಕಿಗೆ ಕುಡುಗೋಲು ಬಿದ್ದರೆ ಕೈ ಹಾಕಿ ತೆಗೆಯಲು ಆಗುವುದಿಲ್ಲ. ಅದೇ ಬಿರುಕು ಎರಡು ದೊಡ್ಡ ಮಳೆಗೆ ಮುಚ್ಚಿಕೊಳ್ಳುತ್ತದೆ. ಹೀಗೆ ಏಳುವ, ಇಳಿಯುವ ನೆಲದ ಮೇಲೆ ಅರ್ಧ ಅಡಿ ಖಡಿ ಹಾಕಿದರೆ ಆ ಖಡಿ ಎಲ್ಲಿಗೆ ಹೋಗುತ್ತದೆ ಹೇಳಿ? ಬಿರುಕಿಗೆ ಹೋಗುತ್ತದೆ.

ನವನಗರ ಸಿವಿಲ್, ಬಾಗಲಕೋಟೆ

ರೈತ ಅಣ್ಣಾವ್ರು ಹೇಳಿದ್ದು ನೂರಕ್ಕೆ ನೂರು ನಿಜ. ಟಿಳಕವಾಡಿ ಸರ್, ನಿಮ್ಮಲ್ಲಿ ಮಾಡಿದ್ದು ನಿಮ್ಮ ಮಣ್ಣಿಗೆ ಸರಿಯಾಗಿಯೇ ಇದೆ. ಅದನ್ನೇ ಎತ್ತಿ ವಿಜಯಪುರದಲ್ಲಿ ಇಟ್ಟರೆ ಮಾತ್ರ ಕೆಡುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಎಲ್ಲರೂ ತಾಳ್ಮೆಯಿಂದ ಓದಿ. ಇಲ್ಲೇ ಜಾಸ್ತಿ ಜನ ದುಡ್ಡು ಕಳೆದುಕೊಳ್ಳುತ್ತಿದ್ದಾರೆ.

ಬೆಳಗಾವಿಯ ಕೆಂಪು ಮಣ್ಣು ನೀರು ಕುಡಿದರೂ ಅಷ್ಟಾಗಿ ಗಾತ್ರ ಬದಲಿಸುವುದಿಲ್ಲ. ನೀರನ್ನು ಕೆಳಕ್ಕೆ ಬಿಡುತ್ತದೆ. ಎರೆಮಣ್ಣು ಹಾಗಲ್ಲ. ಅದರಲ್ಲಿ ಮಾಂಟ್‌ಮೊರಿಲೊನೈಟ್ ಎನ್ನುವ ಜಿಗುಟು ಖನಿಜ ಇದೆ. ನೀರು ಅದರ ಪದರಗಳ ನಡುವೆ ಹೊಕ್ಕು ಮಣ್ಣನ್ನು ಉಬ್ಬಿಸುತ್ತದೆ. ಆರಿದಾಗ ಮಣ್ಣು ಕುಗ್ಗಿ ಬಿರುಕು ಬಿಡುತ್ತದೆ. ಹಾಗಾಗಿ ತೂತಿನ ಟರ್ಫ್, ತೂತಿನ ಖಡಿ ಹಾಕಿದರೆ ನೀವೇ ಮಳೆ ನೀರನ್ನು ಕೈ ಹಿಡಿದು ಎರೆಗೆ ಮುಟ್ಟಿಸಿದಂತೆ. ಮಳೆಗಾಲದಲ್ಲಿ ನಡುವೆ ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಚು ಕುಸಿಯುತ್ತದೆ. ಮೇಲಿನ ಹುಲ್ಲಿಗೆ ಏನೂ ಆಗಿರುವುದಿಲ್ಲ, ಆಟಕ್ಕೆ ಮಾತ್ರ ಬರುವುದಿಲ್ಲ.

ಕೆಂಪು ಮಣ್ಣಿನಲ್ಲಿ ನೀರನ್ನು ಕೆಳಗೆ ಬಿಡಬೇಕು. ಎರೆಯಲ್ಲಿ ನೀರನ್ನು ಕೆಳಗೆ ಬಿಡಲೇಬಾರದು, ಪಕ್ಕಕ್ಕೆ ಕಳಿಸಬೇಕು. ಕೆಲಸ ಶುರುವಾಗುವ ಮೊದಲೇ ಇದು ತೀರ್ಮಾನ ಆಗಬೇಕು. ಹುಲ್ಲಿನ ಬಣ್ಣ, ಕಂಪನಿ, ವಾರಂಟಿ ಎಲ್ಲ ಆಮೇಲೆ.

ಹಾಗಾದರೆ ಏನು ಮಾಡಬೇಕು? ನಮ್ಮ ಹಿರಿಯರು ಎರೆಯಲ್ಲಿ ಮನೆ ಕಟ್ಟುವಾಗ ಗರಸು, ಅಂದರೆ ಹರಳು ಬೆರೆತ ಗಟ್ಟಿ ಮಣ್ಣು, ತುಂಬುತ್ತಿದ್ದರಲ್ಲ, ಅದೇ. ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ಅವರು ಇದರ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿದವರು. ಎರೆಯ ಮೇಲೆ ಉಬ್ಬದ, ಆದರೆ ಒಂದಕ್ಕೊಂದು ಗಟ್ಟಿಯಾಗಿ ಹಿಡಿದುಕೊಳ್ಳುವ ಮಣ್ಣಿನ ಪದರ ಹಾಕಿದರೆ ಕೆಳಗಿನ ಉಬ್ಬರ ಮೇಲಕ್ಕೆ ಬರದಂತೆ ತಡೆಯಬಹುದು ಎಂದು ತೋರಿಸಿದರು. ಎರೆಯಲ್ಲಿ ಹಾಯುವ ಕಾಲುವೆಗಳ ಕೆಳಗೆ ಈ ಪದರ ಹಾಕುತ್ತಾರೆ. ಕಾಲುವೆಗೆ ಸುಮಾರು ಒಂದು ಮೀಟರ್ ದಪ್ಪ ಬೇಕಾಗುತ್ತದೆ. ಹಿತ್ತಲಿನ ಪಿಚ್‌ಗೆ ಎರಡರಿಂದ ಎರಡೂವರೆ ಅಡಿ ಅಗೆದರೆ ನಡೆಯುತ್ತದೆ ಅನ್ನುವುದು ನನ್ನ ಕೆಲಸದ ಲೆಕ್ಕ. ಅಗೆದ ಎರೆಯನ್ನು ಅಲ್ಲೇ ಪಕ್ಕದಲ್ಲಿ ಗುಡ್ಡೆ ಹಾಕಿಸಬೇಡಿ, ಹೊಲಕ್ಕೆ ಸಾಗಿಸಿ. ಒಳ್ಳೆಯ ಗರಸನ್ನು ಅರ್ಧ ಅರ್ಧ ಅಡಿ ಹಾಕಿ, ನೀರು ಚಿಮುಕಿಸಿ, ಪ್ರತಿ ಪದರಕ್ಕೂ ರೋಲರ್ ಹೊಡೆಸಿ. ಒಮ್ಮೆಗೇ ಎರಡು ಅಡಿ ತುಂಬಿ ಮೇಲೆ ರೋಲರ್ ಓಡಿಸಿದರೆ ಕೆಳಗಿನ ಗರಸು ಸಡಿಲವಾಗಿಯೇ ಉಳಿಯುತ್ತದೆ.

ಗರಸಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಬ್ಬಿಣದ ಜಾಳಿಗೆ ಕಟ್ಟಿ ನಾಲ್ಕು ಇಂಚು ಕಾಂಕ್ರೀಟ್. ಅಡ್ಡಕ್ಕೆ ನೂರಕ್ಕೆ ಒಂದು ಇಳಿಜಾರು. 12 ಅಡಿ ಅಗಲಕ್ಕೆ ಸುಮಾರು ಒಂದೂವರೆ ಇಂಚು ಆಗುತ್ತದೆ, ಕಣ್ಣಿಗೂ ಕಾಣುವುದಿಲ್ಲ, ಚೆಂಡಿಗೂ ಗೊತ್ತಾಗುವುದಿಲ್ಲ. ಹತ್ತು ಹನ್ನೆರಡು ಅಡಿಗೊಂದು ಜಾಯಿಂಟ್ ಕತ್ತರಿಸಿ ಸೀಲೆಂಟ್ ತುಂಬಿ. ತಗ್ಗಿನ ಕಡೆ ಗಟಾರ ಇರಲಿ. ಆ ನೀರು ಹೋಗುವ ಇಂಗುಗುಂಡಿ ಪಿಚ್‌ನಿಂದಲೂ ಮನೆಯ ಪಾಯದಿಂದಲೂ ದೂರ ಇರಬೇಕು. ಸುತ್ತಲೂ ಮೂರು ಅಡಿ ಫರ್ಸಿ ಕಲ್ಲು ಹಾಕಿದರೆ ಅಂಚಿನಿಂದ ನೀರು ಒಳಗೆ ನುಸುಳುವುದಿಲ್ಲ.

ಆಶ್ರಮ ರೋಡ್, ವಿಜಯಪುರ

ಸರ್, ಕಣ್ಣು ತೆರೆಸಿದಿರಿ. ಕೊಟೇಶನ್ ಮತ್ತೆ ತೆಗೆದು ನೋಡಿದೆ. ಮಣ್ಣಿನ ಬಗ್ಗೆ ಒಂದು ಸಾಲೂ ಇಲ್ಲ, ‘ಸೈಟ್ ಲೆವೆಲಿಂಗ್’ ಅಂತ ಮಾತ್ರ ಇದೆ. ಆದರೆ ನಮ್ಮ ಹಿತ್ತಲಿನ ಮಣ್ಣು ಎಷ್ಟು ಉಬ್ಬುತ್ತದೆ ಅಂತ ತಿಳಿಯುವುದು ಹೇಗೆ? ಮನೆ ಕಟ್ಟುವಾಗ ಸ್ವಲ್ಪ ಗರಸು ಬಿದ್ದಿರಬಹುದು.

ಕೆಮಿಸ್ಟ್ರಿ ಮೇಡಂ, ವಿಜಯಪುರ

ಅದಕ್ಕೆ ಸುಲಭದ ಪರೀಕ್ಷೆ ಇದೆ. ಕಾಲೇಜು ಲ್ಯಾಬ್‌ನಲ್ಲಿ ನಮ್ಮ ಮಕ್ಕಳಿಂದ ಮಾಡಿಸುತ್ತೇನೆ. ಒಂದೂವರೆ ಅಡಿ ಆಳದಿಂದ ಮಣ್ಣು ತೆಗೆಯಿರಿ. ಚೆನ್ನಾಗಿ ಒಣಗಿಸಿ, ಕುಟ್ಟಿ, ಸಣ್ಣ ಜರಡಿಯಲ್ಲಿ ಹಿಡಿಯಿರಿ. ಹತ್ತು ಹತ್ತು ಗ್ರಾಂ ತೂಗಿ 100 ಮಿ.ಲೀ. ಅಳತೆಯ ಎರಡು ಗಾಜಿನ ಕೊಳವೆಗೆ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಕಡ್ಡಿಯಿಂದ ಕಲಕಿ ಗುಳ್ಳೆ ಬಿಡಿಸಿ, 24 ಗಂಟೆ ಮುಟ್ಟದೆ ಬಿಡಿ.

ಮರುದಿನ ನೋಡಿದರೆ ನಿಮಗೇ ಅರ್ಥವಾಗುತ್ತದೆ. ಸೀಮೆಎಣ್ಣೆಯಲ್ಲಿ ಮಣ್ಣು ಸುಮ್ನೆ ತಳದಲ್ಲಿ ಕೂತಿರುತ್ತದೆ, ಯಾಕೆಂದರೆ ಅದು ಜಿಗುಟಿನ ಪದರದೊಳಗೆ ಹೋಗುವುದಿಲ್ಲ. ನೀರಿನ ಕೊಳವೆಯಲ್ಲಿ ಅದೇ ಹತ್ತು ಗ್ರಾಂ ಮಣ್ಣು ಮೆತ್ತಗಾಗಿ ಮೇಲೇರಿರುತ್ತದೆ. ಎರಡರ ಅಳತೆ ಬರೆದುಕೊಳ್ಳಿ. ನೀರಿನದರಲ್ಲಿ ಸೀಮೆಎಣ್ಣೆಯದನ್ನು ಕಳೆದು, ಸೀಮೆಎಣ್ಣೆಯ ಅಳತೆಯಿಂದಲೇ ಭಾಗಿಸಿ, ನೂರರಿಂದ ಗುಣಿಸಿ. ಉತ್ತರ 50ಕ್ಕಿಂತ ಜಾಸ್ತಿ ಬಂದರೆ ಅದು ತುಂಬಾ ಉಬ್ಬುವ ಮಣ್ಣು.

ಮಣ್ಣು ತಂದುಕೊಡಿ, ನಮ್ಮ ಮಕ್ಕಳೇ ಮಾಡುತ್ತಾರೆ. ಅವರಿಗೂ ಪಾಠ ಆಗುತ್ತದೆ.

ಇನ್ನೊಂದು ಮಾತು, ಬಿಸಿಲಿನದು. ಇದನ್ನು ಯಾರೂ ಕೇಳಲಿಲ್ಲ. ನೈಸರ್ಗಿಕ ಹುಲ್ಲು ನೀರನ್ನು ಆವಿ ಮಾಡಿ ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತದೆ. ಪ್ಲಾಸ್ಟಿಕ್ ಹುಲ್ಲಿಗೆ ಆ ಶಕ್ತಿ ಇಲ್ಲ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2002ರಲ್ಲಿ ತಮ್ಮ ಫುಟ್ಬಾಲ್ ಟರ್ಫ್ ಅಳೆದರು. ಗಾಳಿಯ ಉಷ್ಣತೆ 37 ಡಿಗ್ರಿ ಇದ್ದ ದಿನ ಟರ್ಫಿನ ಮೇಲ್ಮೈ 93 ಡಿಗ್ರಿ ಮುಟ್ಟಿತ್ತು. ನೀರು ಹೊಡೆದಾಗ ಸುಮಾರು 29ಕ್ಕೆ ಇಳಿಯಿತು. ಆದರೆ ಐದೇ ನಿಮಿಷಕ್ಕೆ 49, ಇಪ್ಪತ್ತು ನಿಮಿಷಕ್ಕೆ 73! ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಊರಿನ ಗಾಳಿಯೇ 40 ದಾಟುತ್ತದೆ. ನೀರು ಹೊಡೆದು ತಂಪು ಮಾಡುತ್ತೇನೆ ಅಂದುಕೊಂಡರೆ ಟ್ಯಾಂಕರ್ ತರಿಸಬೇಕಾಗುತ್ತದೆ, ಅದೂ ಇಪ್ಪತ್ತು ನಿಮಿಷದ ಸುಖಕ್ಕೆ. ಬೆಳಿಗ್ಗೆ ಎಂಟರೊಳಗೆ ಮತ್ತು ಸಂಜೆ ಹೊತ್ತು ಮುಳುಗುವಾಗ ಮಾತ್ರ ಆಟ ಅಂತ ಮೊದಲೇ ಒಪ್ಪಿಕೊಳ್ಳಿ. ಚಿಕ್ಕ ಮಕ್ಕಳನ್ನು ಮಧ್ಯಾಹ್ನ ಬರಿಗಾಲಲ್ಲಿ ಬಿಡಲೇಬೇಡಿ.

ಜಲನಗರ ಅಮ್ಮ

ಮೇಡಂ ಹೇಳಿದ್ದು ಓದಿ ಎದೆ ಝಲ್ ಅಂತು. ನಮ್ಮ ಮೊಮ್ಮಗ ದಿನವಿಡೀ ಬರಿಗಾಲಲ್ಲೇ ಓಡಾಡುತ್ತಾನೆ. ಒಂದು ಕೇಳಲಾ? ಬೇಸಿಗೆಯಲ್ಲಿ ಅದರ ಮೇಲೆ ಶಾವಿಗೆ, ಸಂಡಿಗೆ ಒಣಗಿಸಬಹುದಾ?

ಕೆಮಿಸ್ಟ್ರಿ ಮೇಡಂ, ವಿಜಯಪುರ

ಬೇಡ ಅಮ್ಮಾ. ಅದು ತಿನ್ನುವ ಪದಾರ್ಥ ಮುಟ್ಟಿಸಲು ಮಾಡಿದ ಪ್ಲಾಸ್ಟಿಕ್ ಅಲ್ಲ. ಬಿಸಿಲಿಗೆ ಎಳೆ ಉದುರಿ ಪುಡಿಯೂ ಸೇರುತ್ತದೆ. ಮಾಳಿಗೆ ಮೇಲೆ ಸೀರೆ ಹಾಸಿಯೇ ಒಣಗಿಸಿ.

ಕ್ರಿಕೆಟ್ ಕೋಚ್, ಹುಬ್ಬಳ್ಳಿ–ವಿಜಯಪುರ

ನಾನು ಆಟದ ಕಡೆಯಿಂದ ಹೇಳುತ್ತೇನೆ. ‘ಒಂದೇ ಟರ್ಫ್ ಮೇಲೆ ಎಲ್ಲ ಆಟ’ ಎನ್ನುವುದನ್ನು ನಂಬಬೇಡಿ. ಪ್ರತಿ ಆಟಕ್ಕೂ ಹುಲ್ಲಿನ ಉದ್ದ ಬೇರೆ. ಫುಟ್ಬಾಲ್‌ಗೆ 40ರಿಂದ 60 ಮಿ.ಮೀ., ಒಳಗೆ ಉಸುಕು ಅಥವಾ ರಬ್ಬರ್ ತುಂಬಿರಬೇಕು. ಕ್ರಿಕೆಟ್ ಪಿಚ್‌ಗೆ ಸುಮಾರು 9ರಿಂದ 15 ಮಿ.ಮೀ., ದಟ್ಟವಾಗಿರಬೇಕು. ನಿಮಗೆ ಹೇಳಿರುವ 40 ಮಿ.ಮೀ. ಹುಲ್ಲಿನಲ್ಲಿ ಚೆಂಡು ಬಿದ್ದರೆ ಏಳುವುದೇ ಇಲ್ಲ. ಮಗಳು ಸ್ಪಿನ್ ಕಲಿಯಬೇಕಾದರೆ ಅದು ಶುದ್ಧ ದಂಡ.

ಶಟಲ್ ಅಂತೂ ಹೊರಗೆ ಬೇಡವೇ ಬೇಡ. ಕೋರ್ಟಿನ ಅಳತೆ 13.40 ಮೀಟರ್ ಉದ್ದ, 6.10 ಮೀಟರ್ ಅಗಲ. ನಿಮ್ಮ ಜಾಗದಲ್ಲಿ ಹಿಡಿಸುತ್ತದೆ, ನಿಜ. ಆದರೆ ಆಷಾಢದ ಗಾಳಿಗೆ ಶಟಲ್ ಪಕ್ಕದ ಮನೆಗೆ ಹೋಗುತ್ತದೆ. ಟರ್ಫ್ ಮೇಲೆ ಕಾಲು ತಿರುಗಿಸಲು ಹೋದರೆ ಬೂಟು ಹಿಡಿದುಕೊಳ್ಳುತ್ತದೆ, ಮೊಣಕಾಲು ತಿರುಚುತ್ತದೆ.

ಪೂರ್ತಿ 28 ಅಡಿ ಅಗಲಕ್ಕೆ ಹಾಕಿಸುವ ಬದಲು ಒಂದೇ ನೆಟ್ ಪಟ್ಟಿ ಮಾಡಿಸಿ. ಪಿಚ್ 22 ಗಜ, ಅಂದರೆ 66 ಅಡಿ. ಬ್ಯಾಟರ್ ಹಿಂದೆ ನಾಲ್ಕು ಅಡಿ. ಇನ್ನುಳಿದ 15 ಅಡಿ ಸ್ಪಿನ್ನರ್ ಓಡಿ ಬರಲು ಧಾರಾಳವಾಯಿತು. ಆ 15 ಅಡಿಯಲ್ಲಿ ಕೊನೆಯ ಕೆಲವು ಅಡಿಗಷ್ಟೇ ಟರ್ಫ್ ಬೇಕು, ಹಿಂದೆ ಗಟ್ಟಿ ಗರಸಿನ ನೆಲ ಸಾಕು. ಅಗಲ 12 ಅಡಿ.

ಈಗ ಒಂದು ಗುಟ್ಟು. ಟರ್ಫ್ ಪಿಚ್ ಎಲ್ಲಕ್ಕಿಂತ ಮೊದಲು ಸವೆಯುವುದು ಎರಡು ಕಡೆ: ಬೌಲರ್ ಮುಂಗಾಲು ಊರುವ ಜಾಗ, ಬ್ಯಾಟರ್ ಗಾರ್ಡ್ ತೆಗೆದುಕೊಂಡು ನಿಲ್ಲುವ ಜಾಗ. ಆ ಎರಡು ತುಂಡನ್ನು ಮೊದಲಿಂದಲೇ ಬೇರೆ ಕತ್ತರಿಸಿ ಹಾಕಿಸಿ. ಸವೆದಾಗ ಅವನ್ನಷ್ಟೇ ಕಿತ್ತು ಹೊಸದು ಅಂಟಿಸಬಹುದು. ಅದೇ ರೋಲಿನ ಉಳಿದ ತುಂಡನ್ನು ಕೇಳಿ ಇಟ್ಟುಕೊಳ್ಳಿ. ಮುಳ್ಳಿನ ಬೂಟು ಹಾಕಿಕೊಂಡು ಯಾರನ್ನೂ ಒಳಗೆ ಬಿಡಬೇಡಿ. ಸ್ಟಂಪ್‌ಗೆ ನೆಲದಲ್ಲಿ ತೂತು ಕೊರೆಯಬೇಡಿ, ಸ್ಪ್ರಿಂಗ್ ಸ್ಟಂಪ್ ಸಿಗುತ್ತವೆ.

ಒಬ್ಬ ತಂದೆಯಾಗಿ ಇದನ್ನೂ ಮನಸ್ಸಿನಲ್ಲಿಡಿ. ಕಾಂಕ್ರೀಟಿನ ಮೇಲಿನ ಟರ್ಫ್‌ನಲ್ಲಿ ಚೆಂಡು ಜೋರಾಗಿ, ಎತ್ತರಕ್ಕೆ, ಪ್ರತಿ ಸಲ ಒಂದೇ ಥರ ಬರುತ್ತದೆ. ಮಣ್ಣಿನ ಪಿಚ್ ಹಾಗಿರುವುದಿಲ್ಲ. ಮೇಲ್ಮೈ ಬದಲಾದರೆ ಆಟವೇ ಬದಲಾಗುತ್ತದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಸಲ ಕೃತಕ ಹುಲ್ಲಿನ ಮೇಲೆ ನಡೆಯಿತು. ಎಂಟು ಚಿನ್ನ... ಅಲ್ಲ, ಆಗ ಏಳು ಚಿನ್ನ ಗೆದ್ದಿದ್ದ ನಮ್ಮ ದೇಶ ಏಳನೇ ಸ್ಥಾನಕ್ಕೆ ಇಳಿಯಿತು. ಮಗಳು ಮನೆಯಲ್ಲಿ ಲೈನ್, ಲೆಂಗ್ತ್ ತಿದ್ದಿಕೊಳ್ಳಲಿ, ಆದರೆ ವಾರಕ್ಕೆ ಎರಡು ಮೂರು ದಿನ ಮೈದಾನದ ಮಣ್ಣಿನ ಪಿಚ್‌ಗೆ ಕಳಿಸಿ. ಟರ್ಫ್‌ಗೆ ದುಡ್ಡು ಕಡಿಮೆ ಬಿದ್ದರೆ ಕಾಂಕ್ರೀಟ್ ಮೇಲೆ ನಾರಿನ ಮ್ಯಾಟ್ ಹಾಸಿದರೂ ಸಾಕು. ಮ್ಯಾಟ್ ಮೇಲೆ ಚೆಂಡು ಚೆನ್ನಾಗಿ ತಿರುಗುತ್ತದೆ, ಆಟ ಮುಗಿದ ಮೇಲೆ ಸುತ್ತಿ ಒಳಗಿಡಬಹುದು.

ಮುಧೋಳ ಕಬಡ್ಡಿ

ನಮ್ಮ ಓಣಿಯಲ್ಲಿ ಕಬಡ್ಡಿಗೂ ಟರ್ಫ್ ಹಾಕಿಸೋಣ ಅಂತ ಹುಡುಗರು ಹಟ ಹಿಡಿದಿದ್ದಾರೆ. ಕೋಚ್ ಸರ್ ಏನಂತೀರಿ?

ಕ್ರಿಕೆಟ್ ಕೋಚ್, ಹುಬ್ಬಳ್ಳಿ–ವಿಜಯಪುರ

ಬೇಡ ಅಣ್ಣಾ. ರೇಡರ್ ಜಾರಿ ಬಿದ್ದರೆ ತೊಡೆ, ಮೊಣಕೈ ಚರ್ಮ ಕಿತ್ತು ಬರುತ್ತದೆ. ಕಬಡ್ಡಿಗೆ ಮ್ಯಾಟ್, ಇಲ್ಲದಿದ್ದರೆ ಹದ ಮಾಡಿದ ಮೆತ್ತನೆಯ ಮಣ್ಣು. ಗಂಡುಮಕ್ಕಳ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಷ್ಟು ಜಾಗಕ್ಕೆ ಹೊಸ ಕೆಂಪು ಮಣ್ಣು ತುಂಬಿಸಿದರೂ ಟರ್ಫಿಗಿಂತ ಎಷ್ಟೋ ಕಡಿಮೆ ಖರ್ಚು.

ಇಳಕಲ್ ಡಾಕ್ಟರ್ ಅಕ್ಕ

ಕರಿ ರಬ್ಬರ್ ಕಾಳಿನ ಬಗ್ಗೆ ನನಗೆ ಹೇಳಲೇಬೇಕು. ಅದು ಹಳೆಯ ಟೈರ್ ಪುಡಿ. ಆಡುವಾಗ ಬೂಟಿನಲ್ಲಿ, ಕಾಲುಚೀಲದಲ್ಲಿ, ಕೂದಲಲ್ಲಿ ಸೇರಿ ಮನೆಯೊಳಗೆ ಬರುತ್ತದೆ. ಮಳೆಗೆ ಗಟಾರ ಸೇರಿ ಹಳ್ಳಕ್ಕೆ ಹೋಗುತ್ತದೆ, ಅಲ್ಲಿಂದ ವಾಪಸ್ ತೆಗೆಯಲು ಆಗುವುದಿಲ್ಲ. ಯುರೋಪಿಯನ್ ಒಕ್ಕೂಟ 2023ರಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಮೇಲೆ ನಿಯಮ ತಂದಿತು. ಅದರ ಪ್ರಕಾರ ಟರ್ಫಿಗೆ ತುಂಬುವ ಇಂಥ ಕಾಳುಗಳ ಮಾರಾಟ ಅಲ್ಲಿ 2031ರ ಅಕ್ಟೋಬರ್‌ನಿಂದ ನಿಲ್ಲುತ್ತದೆ. ಅವರು ನಿಲ್ಲಿಸುತ್ತಿರುವುದನ್ನು ನಾವು ಈಗ ದುಡ್ಡು ಕೊಟ್ಟು ಮಕ್ಕಳ ಕಾಲ ಕೆಳಗೆ ಯಾಕೆ ಸುರಿಯಬೇಕು? ಅದೂ ಅಲ್ಲದೆ ಕರಿ ಬಣ್ಣ ಬಿಸಿಲನ್ನು ಇನ್ನೂ ಜಾಸ್ತಿ ಹೀರುತ್ತದೆ. ಗಿಡ್ಡ ಹುಲ್ಲಿನ ಕ್ರಿಕೆಟ್ ಪಟ್ಟಿಗೆ ರಬ್ಬರ್ ಬೇಕಾಗಿಯೇ ಇಲ್ಲ. ತೊಳೆದ, ದುಂಡನೆಯ ಸಿಲಿಕಾ ಉಸುಕು ತೆಳುವಾಗಿ ಹಾಕಿದರೆ ಸಾಕು.

ಆಶ್ರಮ ರೋಡ್, ವಿಜಯಪುರ

ಎಲ್ಲರಿಗೂ ದೊಡ್ಡ ಧನ್ಯವಾದ. ಮೇಡಂ ಲ್ಯಾಬ್‌ನಲ್ಲಿ ಪರೀಕ್ಷೆ ಆಯಿತು. ಸೀಮೆಎಣ್ಣೆಯಲ್ಲಿ 11, ನೀರಿನಲ್ಲಿ 19. ಲೆಕ್ಕ ಹಾಕಿದರೆ 70ರ ಮೇಲೆ ಬರುತ್ತದೆ. ಎರಡು ಕೊಳವೆ ಅಕ್ಕಪಕ್ಕ ಇಟ್ಟಿದ್ದನ್ನು ನೋಡಿದ ಮೇಲೆ ನನಗೆ ಇನ್ಯಾವ ಅನುಮಾನವೂ ಉಳಿದಿಲ್ಲ. ರಬ್ಬರ್ ಬೇಡ, 40 ಮಿ.ಮೀ. ಬೇಡ ಅಂತ ತೀರ್ಮಾನ ಮಾಡಿದ್ದೇವೆ.

ಮರ ಒಂದು ಉಳಿಯಿತು. ಎಲೆ ಬೀಳುತ್ತದೆ, ಬೇರು ಕಾಂಕ್ರೀಟ್ ಒಡೆಯುತ್ತದೆ, ಕಡಿಸಿ ಅನ್ನುತ್ತಾರೆ. ನನಗೆ ಮನಸ್ಸಿಲ್ಲ.

ನವನಗರ ಸಿವಿಲ್, ಬಾಗಲಕೋಟೆ

ಕಡಿಸಬೇಡಿ! ಇದು ಪ್ರೀತಿಯ ಮಾತಷ್ಟೇ ಅಲ್ಲ, ಮಣ್ಣಿನ ಲೆಕ್ಕವೂ ಹೌದು. ಅಷ್ಟು ದೊಡ್ಡ ಮರ ಇಷ್ಟು ವರ್ಷ ಎರೆಯಿಂದ ನೀರು ಹೀರುತ್ತಾ ಅದನ್ನು ಒಣಗಿಸಿಟ್ಟಿದೆ. ಮರ ಹೋದರೆ ಆ ನೀರನ್ನು ಕುಡಿಯುವವರಿಲ್ಲ. ಮಣ್ಣು ನಿಧಾನವಾಗಿ ತೇವ ಹಿಡಿದು ಉಬ್ಬಲು ಶುರುವಾಗುತ್ತದೆ, ವರ್ಷಗಳ ಕಾಲ ಉಬ್ಬುತ್ತದೆ. ಮರ ಕಡಿದ ಮೇಲೆ ಕಾಂಪೌಂಡ್ ಗೋಡೆ ಬಿರುಕು ಬಿಟ್ಟ ಮನೆಗಳನ್ನು ಕಂಡಿದ್ದೇನೆ.

ಪಟ್ಟಿ 12 ಅಡಿ ಅಗಲ ಅಂದಮೇಲೆ ಅದನ್ನು ಮರದಿಂದ ದೂರದ ಗೋಡೆಯ ಕಡೆಗೆ ಸರಿಸಿ. ಗೋಡೆಗೂ ಪಟ್ಟಿಗೂ ನಡುವೆ ಮೂರು ಅಡಿ ಫರ್ಸಿ ಬಿಟ್ಟರೂ ಮರದ ಕಡೆ 13 ಅಡಿ ಉಳಿಯುತ್ತದೆ. ಅಲ್ಲಿ ಪಟ್ಟಿಯ ಅಂಚಿನ ಫರ್ಸಿ ಬಿಟ್ಟು ಉಳಿದ ಮಣ್ಣು ಹಾಗೆಯೇ ಇರಲಿ. ಬೇವಿನ ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ ನೋಡಿಕೊಂಡು ಬ್ಯಾಟಿಂಗ್ ತುದಿ ಇಡಿ. ಸಾವಿರಗಟ್ಟಲೆ ಕೊಟ್ಟು ಹಸಿರು ನೆರಳು ನೆಟ್ ಕಟ್ಟಿಸುವುದಕ್ಕಿಂತ ಅದು ಮೇಲು.

ನೆರಳು ನೆಟ್ ಕಟ್ಟಿಸುವವರಿಗೂ ಒಂದು ಎಚ್ಚರಿಕೆ: ಕ್ರಿಕೆಟ್ ನೆಟ್ಟಿನ ಕಣ್ಣು ದೊಡ್ಡದು, ಗಾಳಿ ಹಾಯುತ್ತದೆ. ನೆರಳು ನೆಟ್ ಗಾಳಿಯನ್ನು ಹಿಡಿಯುತ್ತದೆ. ಅದರ ಕಂಬದ ಗುಂಡಿ ಎರೆಯಲ್ಲಿ ಆಳ ಇರಬೇಕು, ಜೂನ್ ಬರುವ ಮೊದಲು ಬಿಚ್ಚಿಡಬೇಕು.

ಟಿಳಕವಾಡಿ, ಬೆಳಗಾವಿ

ಸಿವಿಲ್ ಸರ್, ಈಗ ಅರ್ಥವಾಯಿತು. ನಮ್ಮ ಅಕ್ಕನ ಮನೆ ಸವದತ್ತಿ ಕಡೆ, ಅಲ್ಲೂ ಎರೆ. ಅವರಿಗೆ ಈ ಚರ್ಚೆ ಕಳಿಸುತ್ತೇನೆ.

ಹಿಂದವಾಡಿ ನೆರೆಯವರು

ನಮ್ಮ ಪಕ್ಕದ ಮನೆಯಲ್ಲಿ ಟರ್ಫ್ ಇದೆ. ಮೊದಲು ಮನೆ ಮಕ್ಕಳು ಆಡುತ್ತಿದ್ದರು, ನಮಗೂ ಖುಷಿಯಿತ್ತು. ಆಮೇಲೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಶುರು ಮಾಡಿದರು. ರಾತ್ರಿ ಹನ್ನೊಂದಾದರೂ ಕೂಗಾಟ, ಫ್ಲಡ್‌ಲೈಟ್ ನೇರ ನಮ್ಮ ಮಲಗುವ ಕೋಣೆಗೆ. ಅತ್ತೆಯವರಿಗೆ ನಿದ್ದೆ ಇಲ್ಲ. ಹೇಳಿದರೆ ‘ನಮ್ಮ ಜಾಗ, ನಮ್ಮ ಇಷ್ಟ’ ಅನ್ನುತ್ತಾರೆ. ಹಾಕಿಸುವವರು ದಯವಿಟ್ಟು ಪಕ್ಕದವರನ್ನೂ ನೆನೆಯಿರಿ.

ಕೋರ್ಟ್ ರೋಡ್ ವಕೀಲ

ಅಕ್ಕಾವ್ರೆ, ‘ನಮ್ಮ ಜಾಗ’ ಅನ್ನುವುದಕ್ಕೆ ಮಿತಿ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರು. ಬಾಡಿಗೆಗೆ ಕೊಟ್ಟರೆ ಅದು ವ್ಯಾಪಾರ. ಮನೆಯ ಕರೆಂಟ್ ಮೀಟರಿನಲ್ಲಿ ಅದನ್ನು ನಡೆಸುವಂತಿಲ್ಲ, ಹೆಸ್ಕಾಂನಿಂದ ವಾಣಿಜ್ಯ ಸಂಪರ್ಕ ಬೇಕು, ಪಾಲಿಕೆಯ ಪರವಾನಗಿಯೂ ಬೇಕು. ಮೊದಲು ಮನೆಗೆ ಹೋಗಿ ಕೂತು ಮಾತಾಡಿ. ಆಗದಿದ್ದರೆ ಲಿಖಿತ ದೂರು ಕೊಡಿ.

ಆಶ್ರಮ ರೋಡ್, ವಿಜಯಪುರ

ಹಿಂದವಾಡಿ ಅಕ್ಕಾ, ನಿಮ್ಮ ಮಾತು ನಾಟಿತು. ನಮ್ಮದು ಬಾಡಿಗೆಗಲ್ಲ. ಲೈಟ್‌ನ ಮುಖ ನೆಲಕ್ಕೆ ಇರುವಂತೆ ಹಾಕಿಸುತ್ತೇವೆ. ಸಂಜೆ ಎಂಟೂವರೆಗೆ ಬಂದ್ ಅಂತ ಮಗಳೂ ಒಪ್ಪಿದ್ದಾಳೆ. ಓಣಿಯ ಬೇರೆ ಹೆಣ್ಣುಮಕ್ಕಳೂ ಬಂದು ಆಡಲಿ ಅಂತ ಅವಳ ಆಸೆ.

ಸ್ಥಳೀಯ ಗೌಂಡಿ ಜೊತೆ ಗರಸು, ಕಾಂಕ್ರೀಟ್ ಕೆಲಸದ ಮಾತು ಆಗಿದೆ. ಟರ್ಫ್ ಮಾತ್ರ ಬೇರೆಯವರಿಂದ. ಕೊಳ್ಳುವಾಗ ಏನು ನೋಡಬೇಕು?

ಟರ್ಫ್ ಅಂಟಿಸುವವ, ಜಮಖಂಡಿ

ಆರು ಊರು ತಿರುಗಿ ಇದೇ ಕೆಲಸ ಮಾಡುತ್ತೇನೆ ಸರ್, ಹೇಳುತ್ತೇನೆ ಕೇಳಿ.

ಸ್ಯಾಂಪಲ್ ತುಂಡು ಕೈಗೆ ತೆಗೆದುಕೊಳ್ಳಿ. ಬೆನ್ನು ಮೇಲೆ ಮಾಡಿ ಮಡಚಿ. ಹಾಲಿನ ಬಣ್ಣದ ಲೇಪ ಬಿರುಕು ಬಿಟ್ಟರೆ, ಪುಡಿ ಉದುರಿದರೆ ವಾಪಸ್ ಕೊಡಿ. ಒಂದು ಎಳೆ ಹಿಡಿದು ಜೋರಾಗಿ ಎಳೆಯಿರಿ. ಗೊಂಚಲೇ ಕಿತ್ತು ಬಂದರೆ ಬ್ಯಾಟರ್ ಕಾಲಡಿ ಮೂರು ತಿಂಗಳೂ ಬಾಳುವುದಿಲ್ಲ. ಅಂಗೈಯಿಂದ ಹುಲ್ಲನ್ನು ಒತ್ತಿ ಬಿಡಿ, ಎದ್ದು ನಿಲ್ಲಬೇಕು. ಸೂರ್ಯನ ಬಿಸಿಲಿಗೆ ಬಣ್ಣ ಹೋಗದಂತೆ ಯುವಿ ರಕ್ಷಣೆ ಇದೆಯೇ ಎಂದು ಬಿಲ್ಲಿನಲ್ಲೇ ಬರೆಸಿ, ಬಾಯಿಮಾತು ಬೇಡ.

ರೋಲು ಸಾಮಾನ್ಯವಾಗಿ 2 ಮೀಟರ್ ಇಲ್ಲವೇ 4 ಮೀಟರ್ ಅಗಲ ಬರುತ್ತದೆ. ನಿಮ್ಮದು 12 ಅಡಿ ಅಗಲ, ಹಾಗಾಗಿ 4 ಮೀಟರ್ ರೋಲ್ ತರಿಸಿ. ಉದ್ದಕ್ಕೂ ಒಂದೇ ತುಂಡು ಸಿಗುತ್ತದೆ, ನಡುವೆ ಜೋಡಣೆ ಇರುವುದಿಲ್ಲ. ಜೋಡಣೆ ಇದ್ದ ಕಡೆ ಚೆಂಡು ಬಿದ್ದರೆ ದಿಕ್ಕು ತಪ್ಪುತ್ತದೆ, ಎಲ್ಲಕ್ಕಿಂತ ಮೊದಲು ಬಿಟ್ಟುಕೊಳ್ಳುವುದೂ ಅಲ್ಲೇ. ಸವೆಯುವ ಎರಡು ತುಂಡುಗಳನ್ನು ಕೂರಿಸುವಾಗ ಹುಲ್ಲು ಉಳಿದ ಟರ್ಫಿನ ದಿಕ್ಕಿಗೇ ವಾಲಿರಬೇಕು. ತಿರುಗಿಸಿ ಹಾಕಿದರೆ ಬಿಸಿಲಲ್ಲಿ ಎರಡು ಬಣ್ಣ ಕಾಣುತ್ತದೆ.

ಬಂದ ರೋಲನ್ನು ಕೂಡಲೇ ಕತ್ತರಿಸಬಾರದು. ಬಿಚ್ಚಿ ಬಿಸಿಲಲ್ಲಿ ಕೆಲವು ಗಂಟೆ ಹಾಸಬೇಕು, ಸುಕ್ಕು ತಾನೇ ಹೋಗುತ್ತದೆ. ಕಾಂಕ್ರೀಟ್ ಪೂರ್ತಿ ಆರಿರಬೇಕು. ಟರ್ಫ್ ಅಂಟಿಸುವ ಪಿಯು (ಪಾಲಿಯುರೆಥೇನ್) ಗಮ್ ತೇವದ ಮೇಲೆ ಹಿಡಿಯುವುದಿಲ್ಲ, ನೊರೆ ಬರುತ್ತದೆ. ಹಾಗಾಗಿ ನಿಮ್ಮ ಕಡೆ ಜನವರಿ, ಫೆಬ್ರವರಿ ಒಳ್ಳೆಯ ಕಾಲ. ಗರಸು, ಕಾಂಕ್ರೀಟ್ ಅದಕ್ಕೂ ಮೊದಲೇ ಮುಗಿಸಿ, ಸಾಕಷ್ಟು ನೀರುಣ್ಣಿಸಿ.

ಆಮೇಲೆ ನೋಡಿಕೊಳ್ಳುವ ಕೆಲಸ ಇದ್ದೇ ಇದೆ. ನಮ್ಮ ಕಡೆ ಧೂಳು ಜಾಸ್ತಿ. ವಾರಕ್ಕೊಮ್ಮೆ ಗಟ್ಟಿ ಬ್ರಷ್‌ನಿಂದ ಹುಲ್ಲಿನ ಎದುರು ದಿಕ್ಕಿಗೆ ಗುಡಿಸಬೇಕು. ಬೇವಿನ ಎಲೆ ಕೊಳೆಯಲು ಬಿಡಬೇಡಿ. ದೀಪಾವಳಿಗೆ ಹತ್ತಿರದಲ್ಲಿ ಪಟಾಕಿ ಬೇಡ, ಒಂದು ಕಿಡಿ ಬಿದ್ದರೂ ಎಳೆ ಕರಗಿ ಗಂಟಾಗುತ್ತದೆ. ಕಿಟಕಿಗೆ ಕನ್ನಡಿಯಂಥ ಗಾಜು ಹಾಕಿದ್ದರೆ ಅದರ ಬಿಸಿಲು ಟರ್ಫ್ ಮೇಲೆ ಬೀಳದಂತೆ ನೋಡಿಕೊಳ್ಳಿ, ಅದಕ್ಕೂ ಕರಗುತ್ತದೆ.

ಬೈಲಹೊಂಗಲ

ತಡವಾಗಿ ಕೇಳುತ್ತಿದ್ದೇನೆ. ನಮ್ಮ ಹಿತ್ತಲಲ್ಲಿ ಒಂದು ಕಡೆ ಕೆಂಪು, ಇನ್ನೊಂದು ಕಡೆ ಎರೆ. ನಾವು ಯಾವ ವಿಧಾನ ಹಿಡಿಯಬೇಕು?

ನವನಗರ ಸಿವಿಲ್, ಬಾಗಲಕೋಟೆ

ಎರಡೂ ತುದಿಯ ಮಣ್ಣನ್ನು ಬೇರೆ ಬೇರೆ ಪರೀಕ್ಷೆ ಮಾಡಿಸಿ. ಒಂದು ಕಡೆ ಉಬ್ಬುತ್ತದೆ ಅಂತ ಬಂದರೂ ಪೂರ್ತಿ ಜಾಗಕ್ಕೆ ಎರೆಯ ವಿಧಾನವನ್ನೇ ಹಿಡಿಯಿರಿ. ನೀರು ಪಕ್ಕಕ್ಕೆ ಹೋಗಬೇಕು, ಕೆಳಗಲ್ಲ. ಮಣ್ಣು ಬದಲಾಗುವ ಗೆರೆ ಎಲ್ಲಿದೆ ಎಂದು ಮೂರ್ನಾಲ್ಕು ಕಡೆ ಗುದ್ದಲಿಯಿಂದ ಅಗೆದು ಗುರುತು ಮಾಡಿ. ಕಾಂಕ್ರೀಟಿನ ಒಂದು ಜಾಯಿಂಟ್ ಸರಿಯಾಗಿ ಆ ಗೆರೆಯ ಮೇಲೆಯೇ ಬರಲಿ.